ನೀರು ಮರೆಯದ ದಾರಿ

ಮಾಘ ಮಾಸದ ಭಾರತ ಹುಣ್ಣಿಮೆ ಸಮೀಪಿಸಿತೆಂದರೆ ಹಳಿಯಾಳ ತಾಲೂಕಿನ ನಮ್ಮೂರ ಮುಂದಿನ ರಸ್ತೆಯಲ್ಲಿ ಚಕ್ಕಡಿಗಳ ಸಾಲು ಕಾಣತೊಡಗುತ್ತದೆ. ಧಾರವಾಡ, ಬೆಳಗಾವಿ ಸೀಮೆಗಳಿಂದಲೂ ಅವುಗಳಾಚೆಯ ಊರುಗಳಿಂದಲೂ ಹೊರಟ ಭಕ್ತರು ಎತ್ತುಗಳ ಕೊರಳಿಗೆ ಗೆಜ್ಜೆ ಕಟ್ಟಿ, ಬಂಡಿಗೆ ಕೊಲ್ಲಾರಿ ಏರಿಸಿ, ಬುತ್ತಿ, ಮೇವು, ಹಾಸಿಗೆಗಳೊಡನೆ ಹಳಿಯಾಳ, ದಾಂಡೇಲಿ, ಜೋಯಿಡಾ ಮಾರ್ಗವಾಗಿ ಉಳವಿಯ ಚನ್ನಬಸವೇಶ್ವರರ ಸನ್ನಿಧಿಗೆ ಸಾಗುತ್ತಾರೆ. ಈ ಸಾಲು ಹಾಯ್ದು ಹೋಗುವಾಗ ಒಂದೆರಡು ಬಂಡಿಗಳಾದರೂ ನಮ್ಮ ಮನೆಯ ಮುಂದೆ ನಿಲ್ಲಬೇಕು, ಎತ್ತುಗಳು ನೀರು ಕುಡಿಯಬೇಕು, ಯಾತ್ರಿಕರು ಅಂಬಲಿಯನ್ನೋ ಮಜ್ಜಿಗೆಯನ್ನೋ ಸ್ವೀಕರಿಸಬೇಕು. ಇದು ನಮ್ಮ ಅಜ್ಜನ ಕಾಲದಿಂದ ನಡೆದುಬಂದ ಪದ್ಧತಿ. 2024ರ ಜಾತ್ರೆಯಲ್ಲಿ ಮೊದಲ ಸಲ ಈ ಪದ್ಧತಿಗೆ ಕುಂದುಂಟಾಯಿತು. ಬಂಡಿಗಳು ಬಂದವು, ಎತ್ತುಗಳಿಗೆ ಕೊಡಲು ನಮ್ಮಲ್ಲಿ ನೀರಿರಲಿಲ್ಲ. ಅದೇಕೆ ಹಾಗಾಯಿತು, ಅದರಲ್ಲಿ ಮಳೆಯ ಪಾಲೆಷ್ಟು, ನಮ್ಮ ಪಾಲೆಷ್ಟು ಎಂಬುದನ್ನು ಓದುಗ ಬಂಧುಗಳ ಮುಂದೆ ಮುಚ್ಚುಮರೆಯಿಲ್ಲದೆ ನಿವೇದಿಸುವುದೇ ಈ ಬರಹದ ಉದ್ದೇಶ.

ಉಳವಿಯ ದಾರಿಯನ್ನು ಬಲ್ಲವರಿಗೆ ನಮ್ಮ ಸೀಮೆಯ ಹವೆಯ ವೈಚಿತ್ರ್ಯವನ್ನು ವಿವರಿಸಬೇಕಾಗಿಲ್ಲ. ಹಳಿಯಾಳದಿಂದ ಉಳವಿಗೆ ನೂರು ಕಿಲೋಮೀಟರಿನಷ್ಟೂ ದೂರವಿಲ್ಲ. ಆದರೆ ಅಷ್ಟರಲ್ಲೇ ನಾಡು ಬದಲಾಗಿಬಿಡುತ್ತದೆ. ಅರಬ್ಬೀ ಸಮುದ್ರದಿಂದ ಬರುವ ತೇವಗಾಳಿ ಘಟ್ಟವನ್ನೇರುತ್ತ ತಂಪಾಗಿ, ಹೊತ್ತು ತಂದ ನೀರಿನ ಬಹುಪಾಲನ್ನು ಅಣಶಿ, ಕ್ಯಾಸಲ್‌ರಾಕ್ ಸುತ್ತಿನ ಕಾಡುಗಳಲ್ಲಿಯೇ ಸುರಿದುಬಿಡುತ್ತದೆ. ಘಟ್ಟದ ಬೆನ್ನನ್ನು ದಾಟಿ ಪೂರ್ವಕ್ಕೆ ಬಂದಷ್ಟೂ ಮೋಡ ಹಗುರಾಗುತ್ತದೆ. ಜೋಯಿಡಾದಲ್ಲಿ ಹಳ್ಳ ಉಕ್ಕಿ ಊರೂರಿಗೆ ಸಂಪರ್ಕ ಕಡಿದಿರುವ ದಿನವೇ ಹಳಿಯಾಳದ ಮೂಡಣ ಹಳ್ಳಿಗಳಲ್ಲಿ ಮೋಡ ನೋಡುತ್ತ ಕುಳಿತ ರೈತರಿರುವುದುಂಟು. ದಾಂಡೇಲಿ ಇವೆರಡರ ನಡುವೆ ಕಾಳಿ ನದಿಯ ದಂಡೆಯಲ್ಲಿದೆ. ಮುಂಡಗೋಡ ನಮ್ಮಂತೆಯೇ ಮಲೆನಾಡಿನ ಸೆರಗು. ಒಂದು ಕಾಲು ಕಾಡಿನಲ್ಲಿ, ಇನ್ನೊಂದು ಕಾಲು ಬಯಲಿನಲ್ಲಿ.

ಈ ನಾಲ್ಕೂ ತಾಲೂಕುಗಳಲ್ಲಿ ನಮ್ಮ ಬಳಗ ಹಬ್ಬಿದೆ. ನಮ್ಮ ಹೊಲಮನೆಗಳು ಹಳಿಯಾಳದಲ್ಲಿವೆ. ತಂಗಿಯನ್ನು ಮುಂಡಗೋಡ ತಾಲೂಕಿಗೆ ಕೊಟ್ಟಿದ್ದೇವೆ. ತಮ್ಮನ ಮಗ ದಾಂಡೇಲಿಯಲ್ಲಿ ಪ್ರವಾಸಿಗರ ವಾಹನ ನಡೆಸಿ ಜೀವನ ಸಾಗಿಸುತ್ತಾನೆ. ಜೋಯಿಡಾದ ಕಾಡಿನೊಳಗಿನ ಊರೊಂದರಲ್ಲಿ ನಾವು ಐದು ವರ್ಷ ಶಾಲಾ ಶಿಕ್ಷಕರಾಗಿದ್ದೆವು. ಅಲ್ಲಿಯ ಹಳೆಯ ವಿದ್ಯಾರ್ಥಿಗಳು ಇಂದಿಗೂ ಮನೆಗೆ ಬಂದು ಹೋಗುತ್ತಾರೆ. ಆದ್ದರಿಂದ ಹವೆ ಮುನಿದಾಗ ಯಾವ ಊರಿನಲ್ಲಿ ಏನಾಯಿತೆಂಬ ಸುದ್ದಿ ನಮಗೆ ಪತ್ರಿಕೆಗಿಂತ ಮೊದಲು ಬಂಧುಗಳ ಬಾಯಿಂದಲೇ ತಿಳಿಯುತ್ತದೆ.

ನಮ್ಮ ಹೊಲದ ಮೇಲ್ಭಾಗದಲ್ಲಿ ಅಜ್ಜನ ಕಾಲದ ಒಂದು ಕಟ್ಟೆಯಿತ್ತು. ಇಪ್ಪತ್ತು ಗುಂಟೆಯಷ್ಟು ವಿಸ್ತಾರದ ಸಣ್ಣ ಕೆರೆಯೆಂದರೂ ಸರಿಯೆ. ಕಾಡಿನಂಚಿನಿಂದ ಇಳಿದು ಬರುವ ಹಳ್ಳದ ನೀರು ಅದರಲ್ಲಿ ನಿಂತು, ತೂಬಿನ ಮೂಲಕ ನಮ್ಮ ಗದ್ದೆಗಳಿಗೆ ಹರಿದು, ಹೆಚ್ಚಾದದ್ದು ಕೋಡಿಯ ಮೇಲೆ ಬಿದ್ದು, ಕೆಳಗಿನ ಹೊಲದ ಬದುವಿಗುಂಟ ಊರ ದೊಡ್ಡ ಕೆರೆಯನ್ನು ಸೇರುತ್ತಿತ್ತು. ಹಳಿಯಾಳ, ಮುಂಡಗೋಡಗಳು ಕೆರೆಗಳ ಸೀಮೆಗಳು. ನಮ್ಮ ಹಿರಿಯರು ದೊಡ್ಡ ನದಿಯನ್ನು ನಂಬಿದವರಲ್ಲ. ಬಿದ್ದ ಮಳೆಯನ್ನು ಬಿದ್ದಲ್ಲಿಯೇ ಕೂರಿಸಿಕೊಂಡು ಬಾಳಿದವರು. ಪ್ರತಿ ಬೇಸಿಗೆಯಲ್ಲಿ ಕಟ್ಟೆಯ ಹೂಳೆತ್ತಿ ಗದ್ದೆಗೆ ಹಾಕುವುದು, ಏರಿಯ ಮೇಲಿನ ಗಿಡಗಂಟಿ ಕಡಿಯುವುದು, ರೋಹಿಣಿ ಮಳೆಗೆ ಮುನ್ನ ಕೋಡಿಯ ಕಲ್ಲುಗಳನ್ನು ಸರಿಪಡಿಸುವುದು ಮನೆಮಂದಿಯೆಲ್ಲರ ಕಾಯಕವಾಗಿತ್ತು. ಬೆಳವಲದಲ್ಲಿ ಬರ ಬಿದ್ದಾಗ ಅಲ್ಲಿಯ ಜನ ದನಗಳನ್ನು ಹೊಡೆದುಕೊಂಡು ನಮ್ಮ ಕಾಡಂಚಿಗೆ ಬರುತ್ತಿದ್ದರೆಂದೂ, ಅವುಗಳಿಗೆ ಈ ಕಟ್ಟೆಯ ನೀರೇ ಆಧಾರವಾಗಿತ್ತೆಂದೂ ಅಜ್ಜ ಹೆಮ್ಮೆಯಿಂದ ಹೇಳುತ್ತಿದ್ದರು.

ಅಂಥ ಕಟ್ಟೆಯನ್ನು ಮುಚ್ಚಿಸಿದವರು ನಾವೇ. 2009ರ ಬೇಸಿಗೆಯ ಮಾತು. ಹಳಿಯಾಳಕ್ಕೆ ಸಕ್ಕರೆ ಕಾರ್ಖಾನೆ ಬಂದ ಮೇಲೆ ನಮ್ಮ ಸುತ್ತಿನಲ್ಲಿ ಭತ್ತ, ಹತ್ತಿಗಳ ಜಾಗಕ್ಕೆ ಕಬ್ಬು ಬರತೊಡಗಿತ್ತು. ನಮ್ಮ ಹೊಲದಲ್ಲಿ ಕೊಳವೆ ಬಾವಿ ಕೊರೆಸಿ ಎರಡು ವರ್ಷಗಳಾಗಿದ್ದವು, ನೀರು ಧಾರಾಳವಾಗಿತ್ತು. ಇಪ್ಪತ್ತು ಗುಂಟೆ ಭೂಮಿ ವರ್ಷದಲ್ಲಿ ನಾಲ್ಕು ತಿಂಗಳು ನೀರಲ್ಲಿ, ಎಂಟು ತಿಂಗಳು ಪಾಳು ಬಿದ್ದಿರುವುದು ನಮ್ಮ ಕಣ್ಣಿಗೆ ನಷ್ಟವಾಗಿ ಕಂಡಿತು. ಜೆಸಿಬಿ ಯಂತ್ರ ಎರಡೇ ದಿನಗಳಲ್ಲಿ ಏರಿಯನ್ನು ಒಡೆದು ಗುಂಡಿಯನ್ನು ಸಮಮಾಡಿತು. ಹಳ್ಳವನ್ನು ಬದುವಿನ ಪಕ್ಕಕ್ಕೆ ಒಂದು ಕಿರುಗಾಲುವೆಯಾಗಿ ತಿರುಗಿಸಿದೆವು. ಆಗ ಬದುಕಿದ್ದ ನಮ್ಮ ಅವ್ವ, “ಹಿರಿಯರು ಕಟ್ಟಿದ್ದನ್ನ ಒಡೀಬ್ಯಾಡಪ್ಪಾ” ಎಂದು ಒಂದೇ ಮಾತು ಹೇಳಿ ಒಳಗೆ ಹೋದರು. ನಾವು ಕೇಳಲಿಲ್ಲ. ಹತ್ತು ವರ್ಷ ಆ ಜಾಗದಲ್ಲಿ ಕಬ್ಬು ಹುಲುಸಾಗಿ ಬೆಳೆಯಿತು. ನಮ್ಮ ಲೆಕ್ಕಾಚಾರವೇ ಸರಿಯೆಂದು ಬೀಗಿದೆವು.

2019ರ ಆಗಸ್ಟ್ ತಿಂಗಳ ಮೊದಲ ವಾರದಲ್ಲಿ ಆಶ್ಲೇಷಾ ಮಳೆ ಹಿಡಿಯಿತು. ಹಗಲಿರುಳು ಬಿಡುವಿಲ್ಲ. ಮೂರನೆಯ ರಾತ್ರಿ ಕಾಡಿನ ಕಡೆಯಿಂದ ಬಂಡೆ ಉರುಳಿದಂಥ ಸದ್ದು ಕೇಳಿ ಕಂದೀಲು ಹಿಡಿದು ಹೋದರೆ, ಹಳ್ಳ ನಾವು ತೋಡಿದ ಕಾಲುವೆಯನ್ನು ಲೆಕ್ಕಿಸದೆ ತನ್ನ ಹಳೆಯ ಪಾತ್ರದಲ್ಲೇ ಬಂದು ಕಬ್ಬಿನ ನಡುವೆ ನುಗ್ಗಿತ್ತು. ತಡೆಯಲು ಏರಿಯಿಲ್ಲ, ನಿಲ್ಲಲು ಗುಂಡಿಯಿಲ್ಲ. ನಮ್ಮ ಕೆಳಬದು ಒಡೆದು, ಮಣ್ಣು ಮರಳುಗಳ ಸಮೇತ ಆ ನೀರು ಕೆಳಗಿನ ಹೊಲಕ್ಕೆ ಧುಮುಕಿತು. ಆ ಹೊಲ ಮರಾಠಾ ಮನೆತನದ ಹಿರಿಯರೊಬ್ಬರದು. ಅವರನ್ನು ನಾವು ಚಿಕ್ಕಂದಿನಿಂದ ಕಾಕಾ ಎಂದೇ ಕರೆಯುವುದು. ಬೆಳಗಾಗುವಷ್ಟರಲ್ಲಿ ಅವರ ಎರಡು ಎಕರೆ ಭತ್ತದ ಮೇಲೆ ಮೊಣಕಾಲುದ್ದ ಮರಳು ಕುಳಿತಿತ್ತು. ದನದ ಕೊಟ್ಟಿಗೆಯ ಮಣ್ಣಿನ ಗೋಡೆ ಬಿದ್ದಿತ್ತು. ನಮ್ಮ ಕಬ್ಬು ಬಾಗಿತಾದರೂ ಬೇರು ಬಿಡಲಿಲ್ಲ. ಬೆಳೆ ಹೋದದ್ದು ಅವರದು.

ಆಗ ನಾವೇನು ಮಾಡಿದೆವು? “ದೈವೇಚ್ಛೆ ಕಾಕಾ, ಯಾರ ಕೈಯಾಗೂ ಇಲ್ಲ” ಎಂದು ಸಮಾಧಾನ ಹೇಳಿದೆವು. ಅವರು ತಲೆದೂಗಿ ಸುಮ್ಮನಾದರು. ಪಂಚನಾಮೆಯಾಗಿ ಅವರಿಗೆ ಸರಕಾರದ ಪರಿಹಾರ ಒಂದಿಷ್ಟು ಬಂದಿತು. ಮರಳು ತೆಗೆಯುವ ಕೂಲಿಗೇ ಅದು ಸಾಲಲಿಲ್ಲ. ಮರುವರ್ಷ ಅವರ ಹಿರಿಯ ಮಗ ಗೋವೆಗೆ ದುಡಿಯಲು ಹೋದ. ನಾವು ಅದನ್ನೂ ದೈವೇಚ್ಛೆಯ ಲೆಕ್ಕಕ್ಕೇ ಬರೆದೆವು.

ಆ ವರ್ಷದ ನೆರೆ ನಮ್ಮೊಬ್ಬರದಾಗಿರಲಿಲ್ಲವೆಂಬುದು ನಿಜ. ರಾಜ್ಯದ 22 ಜಿಲ್ಲೆಗಳು ಅದರಲ್ಲಿ ನೊಂದವು. ಕಾಳಿ ಕಣಿವೆಯ ಕೆಳಭಾಗದಲ್ಲಿ ಕದ್ರಾ ಅಣೆಕಟ್ಟಿನ ಬಾಗಿಲುಗಳನ್ನು ತೆರೆದಾಗ ಕಾರವಾರ ತಾಲೂಕಿನ ನದಿದಂಡೆಯ ಮನೆಗಳಿಗೆ ನೀರು ನುಗ್ಗಿತು. ರಾಜ್ಯಕ್ಕಾದ ಒಟ್ಟು ಹಾನಿ 35,000 ಕೋಟಿ ರೂಪಾಯಿಗಳನ್ನು ಮೀರಿತೆಂದು ಸರಕಾರ ಅಂದಾಜು ಮಾಡಿತು. ಇಷ್ಟು ದೊಡ್ಡ ಸಂಖ್ಯೆಯ ಮರೆಯಲ್ಲಿ ನಮ್ಮ ಇಪ್ಪತ್ತು ಗುಂಟೆಯ ತಪ್ಪು ಸುಲಭವಾಗಿ ಅಡಗಿಕೊಂಡಿತು.

2021ರಲ್ಲಿ ಹವೆ ಎರಡು ಸಲ ಹೊಡೆಯಿತು. ಜುಲೈ 22, 23ರಂದು ಪುಷ್ಯ ಮಳೆಯ ಹೊತ್ತಿನಲ್ಲಿ ಘಟ್ಟದ ಮೇಲೆ ಮಳೆ ಕವಿದು ಬಿದ್ದಿತು. ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಜರಿದು ತೋಟಗಳೇ ಕೆಳಗಿಳಿದವು. ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. ಅಣಶಿ ಘಟ್ಟದಲ್ಲಿ ಗುಡ್ಡ ಕುಸಿದು ಜೋಯಿಡಾ-ಕಾರವಾರ ಮಾರ್ಗ ಬಂದಾಯಿತು. ಘಟ್ಟದ ರೈಲು ಹಳಿಯ ಮೇಲೂ ಮಣ್ಣು ಬಿದ್ದು ಪ್ರಯಾಣಿಕರ ಗಾಡಿಯೊಂದು ಹಳಿ ತಪ್ಪಿತು. ರಸ್ತೆ ಮುಚ್ಚಿದರೆ ನಷ್ಟವಾಗುವುದು ಕೇವಲ ಪ್ರಯಾಣಿಕರಿಗಲ್ಲ. ಜೋಯಿಡಾದವರಿಗೆ ಜಿಲ್ಲಾ ಕೇಂದ್ರದ ಆಸ್ಪತ್ರೆ, ಕಚೇರಿಗಳು ದೂರವಾಗುತ್ತವೆ. ಹಾಲು, ತರಕಾರಿ, ಅಡಿಕೆ, ಔಷಧಗಳ ಸಾಗಾಟಕ್ಕೆ ಸುತ್ತು ಹಾದಿಯ ಬಾಡಿಗೆ ಕೂಡುತ್ತದೆ. ದಾಂಡೇಲಿಯ ನಮ್ಮ ಹುಡುಗನಂಥವರ ಗತಿಯೂ ಅಷ್ಟೇ. ಒಂದು ಕಾಲಕ್ಕೆ ದಾಂಡೇಲಿಯೆಂದರೆ 1955ರಲ್ಲಿ ಸ್ಥಾಪನೆಯಾದ ಕಾಗದದ ಗಿರಣಿ ಎಂದೇ ಅರ್ಥ. ಈಗ ಕಾಡು ನೋಡಲು, ಕಾಳಿಯಲ್ಲಿ ದೋಣಿಯಾಟವಾಡಲು ಬರುವವರನ್ನು ನಂಬಿದ ಮನೆಗಳೂ ಅನೇಕ. ಮಳೆಯ ಎಚ್ಚರಿಕೆ ಬಂದ ದಿನ ನದಿಗಿಳಿಯುವುದು ನಿಲ್ಲುತ್ತದೆ, ಕಾಯ್ದಿರಿಸಿದವರು ಬರುವುದಿಲ್ಲ, ವಾಹನದ ಸಾಲದ ಕಂತು ಮಾತ್ರ ತಪ್ಪದೆ ಬರುತ್ತದೆ.

ಈ ಮಾತಿಗೆ ಜೋಯಿಡಾದ ಕುಣಬಿ ಬಂಧುಗಳ ನೆನಪಾಗದಿರದು. ನಾವು ಅಲ್ಲಿ ಶಿಕ್ಷಕರಾಗಿದ್ದಾಗ ಮಳೆಗಾಲದ ಎರಡು ತಿಂಗಳು ಅಂಗಡಿಯ ಮುಖ ಕಾಣದೆಯೂ ಅವರ ಮನೆಗಳಲ್ಲಿ ಒಲೆ ಆರುತ್ತಿರಲಿಲ್ಲ. ಅಟ್ಟದ ಮೇಲೆ ಒಣಗಿಸಿಟ್ಟ ಸೌದೆ, ಹೊಗೆಗೆ ಕಟ್ಟಿದ ಬೀಜದ ಗಂಟು, ಹಿತ್ತಲಿನ ಮಣ್ಣಿನಡಿ ಕೆಸವು, ಸುವರ್ಣಗೆಡ್ಡೆ, ಬಗೆಬಗೆಯ ಗೆಣಸು. ಗಾಳಿಗೆ ಬಾಗದ, ಮಳೆಗೆ ಕೊಚ್ಚಿಹೋಗದ ಬೆಳೆ ನೆಲದೊಳಗಿನ ಗೆಡ್ಡೆಯೇ ತಾನೆ! ಜೋಯಿಡಾದಲ್ಲಿ ಕೆಲವು ವರ್ಷಗಳಿಂದ ಜನವರಿಯ ಹೊತ್ತಿಗೆ ಗೆಡ್ಡೆಗೆಣಸಿನ ಮೇಳ ನಡೆಯುತ್ತಿದೆ. ಅಲ್ಲಿ ರಾಶಿ ಹಾಕಿದ ಗೆಡ್ಡೆಗಳನ್ನು ಕಂಡಾಗಲೆಲ್ಲ, ಅತಿವೃಷ್ಟಿಯ ನಾಡಿನ ಜನ ಅತಿವೃಷ್ಟಿಯನ್ನೇ ಗಣನೆಗೆ ತೆಗೆದುಕೊಂಡು ಬೇಸಾಯ ಮಾಡಿದರಲ್ಲ, ನಾವು ಎರಡೂ ಆಪತ್ತುಗಳ ನಡುವೆ ಕುಳಿತು ಒಂದಕ್ಕೂ ಸಿದ್ಧರಾಗಲಿಲ್ಲವಲ್ಲ ಎಂದು ನಾಚಿಕೆಯಾಗುತ್ತದೆ.

ಅದೇ 2021ರ ನವೆಂಬರಿನಲ್ಲಿ ಎರಡನೆಯ ಪೆಟ್ಟು. ರಾಜ್ಯದ ಬಹುಭಾಗದಲ್ಲಿ ಅಕಾಲಿಕ ಮಳೆ. ನಮ್ಮ ಭತ್ತ ಕೊಯ್ದು ಗದ್ದೆಯಲ್ಲೇ ಒಣಗಲು ಹಾಕಿದ್ದೆವು, ಬಣವೆ ಒಟ್ಟಿರಲಿಲ್ಲ. ವಿಶಾಖಾ ಮಳೆ ನಾಲ್ಕು ದಿನ ಬಿಡದೆ ಸುರಿದು ಸಿವುಡುಗಳು ನೀರಲ್ಲಿ ಮುಳುಗಿ, ತೆನೆಯಲ್ಲಿಯೇ ಮೊಳಕೆ ಬಂದಿತು. ಕಾಳು ಹೋದದ್ದಲ್ಲದೆ ಹುಲ್ಲೂ ಕಪ್ಪಾಗಿ ದನಗಳು ಮೂಸದಾದವು. ಬೆಳೆ ವಿಮೆ ಇತ್ತು. 2016ರಿಂದ ಜಾರಿಯಲ್ಲಿರುವ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರಬೆಳೆಗೆ ರೈತ ಕಟ್ಟಬೇಕಾದ ಕಂತು ವಿಮಾ ಮೊತ್ತದ ನೂರಕ್ಕೆ 2ರಷ್ಟು ಮಾತ್ರ. ಕೊಯ್ದು ಹೊಲದಲ್ಲಿ ಒಣಗಲು ಹಾಕಿದ ಬೆಳೆಗೂ 14 ದಿನಗಳವರೆಗೆ ರಕ್ಷಣೆಯುಂಟು. ಆದರೆ ಹಾನಿಯಾದ 72 ಗಂಟೆಗಳೊಳಗೆ ತಿಳಿಸಬೇಕು. ಈ ನಿಯಮ ನಮಗೆ ಗೊತ್ತಾದದ್ದು ಐದನೆಯ ದಿನ. ಮಳೆ ನಿಲ್ಲಲಿ, ಆಮೇಲೆ ನೋಡಿದರಾಯಿತೆಂದು ಕಾದು ಕುಳಿತದ್ದು ನಮ್ಮದೇ ಅಜ್ಞಾನ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು ಮನೆಯಲ್ಲಿದ್ದ ಒಂದು ಹಾಳೆಯನ್ನು ಓದಿರಲಿಲ್ಲ.

ಇನ್ನು 2023. ಮುಂಗಾರು ತಡವಾಗಿ ಬಂದು, ಜುಲೈಯಲ್ಲಿ ಒಮ್ಮೆ ಜೋರಾಗಿ ಸುರಿದು, ಆಗಸ್ಟಿನಲ್ಲಿ ಮಾಯವಾಯಿತು. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು ಎಂಬ ಗಾದೆಯಿದೆ. ಆ ವರ್ಷ ಮಘೆ ಬರಲೇ ಇಲ್ಲ. ದೇಶದಲ್ಲಿ 1901ರಿಂದ ಮಳೆಯ ದಾಖಲೆ ಇಟ್ಟಂದಿನಿಂದ ಅಷ್ಟು ಒಣಗಿದ ಆಗಸ್ಟ್ ಮತ್ತೊಂದಿಲ್ಲವೆಂದು ಹವಾಮಾನ ಇಲಾಖೆ ಹೇಳಿತು. ದೂರದ ಶಾಂತ ಮಹಾಸಾಗರದ ನೀರು ಬಿಸಿಯಾಗುವ ಎಲ್ ನಿನೋ ಎಂಬ ವಿದ್ಯಮಾನ ಇದಕ್ಕೆ ಒಂದು ಕಾರಣವೆಂದು ತಜ್ಞರು ವಿವರಿಸಿದರು. ಮುಂಡಗೋಡದ ತಂಗಿಯ ಮನೆಯಲ್ಲಿ ಗೋವಿನಜೋಳ ಹೂ ಬಿಡುವ ಹೊತ್ತಿಗೆ ನೀರಿಲ್ಲದೆ ತೆನೆಗಳು ಅರ್ಧ ತುಂಬಿ ನಿಂತವು. ಭತ್ತದ ಗದ್ದೆಗಳು ಬಿರುಕುಬಿಟ್ಟವು. ಮಂಗಳಸೂತ್ರ ಒತ್ತೆ ಇಟ್ಟು ಬೀಜ ಗೊಬ್ಬರ ತಂದಿದ್ದ ತಂಗಿ, ದೀಪಾವಳಿಗೆ ತವರಿಗೆ ಬಂದಾಗ ಸೆರಗು ಹೊದ್ದು ಬರಿಗೊರಳು ಮುಚ್ಚಿಕೊಂಡಿದ್ದಳು. ನಾವು ಕಂಡೂ ಕಾಣದಂತಿದ್ದೆವು.

ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಲಾಯಿತು. 48 ಲಕ್ಷ ಹೆಕ್ಟೇರಿಗೂ ಮಿಕ್ಕಿದ ಬೆಳೆ ಹಾಳಾಗಿ, ಹಾನಿಯ ಅಂದಾಜು ಮತ್ತೆ 35,000 ಕೋಟಿ ರೂಪಾಯಿಗಳನ್ನು ಮೀರಿತು. ಓದುಗರು ಗಮನಿಸಬೇಕು: 2019ರಲ್ಲಿ ನೀರು ಹೆಚ್ಚಾಗಿ ಆದ ಹಾನಿಯೂ, 2023ರಲ್ಲಿ ನೀರಿಲ್ಲದೆ ಆದ ಹಾನಿಯೂ ಹೆಚ್ಚುಕಡಿಮೆ ಒಂದೇ ಮೊತ್ತ! ರಾಜ್ಯ ಸರಕಾರ ಕೇಂದ್ರದಿಂದ 18,171 ಕೋಟಿ ರೂ. ನೆರವು ಬೇಡಿತ್ತು, 2024ರ ಏಪ್ರಿಲ್‌ನಲ್ಲಿ ಬಿಡುಗಡೆಯಾದದ್ದು ಸುಮಾರು 3,454 ಕೋಟಿ. ಅಲ್ಲಿಯವರೆಗೆ ರೈತನ ಖಾತೆಗೆ ಬಂದ ಮೊದಲ ಕಂತು ಹೆಚ್ಚೆಂದರೆ 2,000 ರೂಪಾಯಿ. ಇದನ್ನು ಯಾರನ್ನೂ ದೂರಲು ಹೇಳುತ್ತಿಲ್ಲ. ಪರಿಹಾರವೆಂಬುದು ಬಿದ್ದವನನ್ನು ಎಬ್ಬಿಸಲು ಚಾಚಿದ ಕೈಯೇ ಹೊರತು ಬೀಳದಂತೆ ಹಿಡಿಯುವ ಕೈಯಲ್ಲ ಎಂಬುದಷ್ಟೇ ನಮ್ಮ ಅನುಭವ.

ಮುಂಡಗೋಡದ ಟಿಬೆಟಿ ಬಂಧುಗಳ ವಿಷಯವನ್ನೂ ಇಲ್ಲಿ ಹೇಳಬೇಕು. ತಾಯ್ನಾಡು ಬಿಟ್ಟು ಬಂದ ಅವರಿಗೆ 1966ರಲ್ಲಿ ಅಲ್ಲಿ ವಸತಿ ದೊರೆಯಿತು. ಮಳೆಯಾಶ್ರಿತ ಭೂಮಿಯಲ್ಲಿ ಗೋವಿನಜೋಳ ಬೆಳೆದು ಬದುಕು ಕಟ್ಟಿಕೊಂಡ ಅವರು ಭೂಮಿಯೊಂದನ್ನೇ ನಂಬಿ ಕೂರಲಿಲ್ಲ. ಚಳಿಗಾಲದಲ್ಲಿ ಊರೂರಿಗೆ ಹೋಗಿ ಉಣ್ಣೆಯ ಅಂಗಿಗಳನ್ನು ಮಾರಿ ಬರುವ ವ್ಯಾಪಾರವನ್ನೂ ರೂಢಿಸಿಕೊಂಡರು. ಒಂದು ಆದಾಯ ಕೈಕೊಟ್ಟ ವರ್ಷ ಇನ್ನೊಂದು ಕೈ ಹಿಡಿಯುತ್ತದೆ. ತಂಗಿಯ ಮನೆಯವರು ಈಗ ಎರಡು ಎಮ್ಮೆ ಕಟ್ಟಿರುವುದು ನೆರೆಯವರ ಈ ಬದುಕನ್ನು ನೋಡಿಯೇ.

ನಮ್ಮ ಕೊಳವೆ ಬಾವಿ 2023ರ ಡಿಸೆಂಬರಿನಲ್ಲಿ ಕೆಮ್ಮಿತು. ಸಂಕ್ರಾಂತಿಗೆ ಪೂರ್ತಿ ನಿಂತಿತು. ಕಬ್ಬು ಒಣಗಿತು. ಕುಡಿಯಲು ಪಂಚಾಯತಿಯ ನೀರು ಎರಡು ದಿನಕ್ಕೊಮ್ಮೆ; ದನಗಳಿಗಾಗಿ 5,000 ಲೀಟರಿನ ಟ್ಯಾಂಕರ್ ನೀರು ಕೊಂಡೆವು. ಹಣ ಎಣಿಸುವಾಗ ಹಳೆಯ ಮಾಸ್ತರನ ಬುದ್ಧಿ ಸುಮ್ಮನಿರದೆ ಲೆಕ್ಕ ಹಾಕಿತು. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 4,000 ಲೀಟರಿಗೂ ಹೆಚ್ಚು ನೀರಾಗುತ್ತದೆ. 2019ರಂತೆ ಒಂದೇ ದಿನ 100 ಮಿಲಿಮೀಟರ್ ಬಿದ್ದರೆ ಎಕರೆಗೆ 4 ಲಕ್ಷ ಲೀಟರ್, ಅಂದರೆ 80 ಟ್ಯಾಂಕರ್. ನಾವು ಮುಚ್ಚಿಸಿದ ಕಟ್ಟೆ ಸರಾಸರಿ ಆರಡಿ ಆಳವಿತ್ತೆಂದು ಹಿಡಿದರೂ ಒಮ್ಮೆ ತುಂಬಿದರೆ 35 ಲಕ್ಷ ಲೀಟರಿಗೆ ಕಡಿಮೆಯಿಲ್ಲ, 700 ಟ್ಯಾಂಕರ್! ಅಷ್ಟನ್ನು ಕಾಕಾನ ಗದ್ದೆಯ ಮೇಲೆ ಓಡಲು ಬಿಟ್ಟು, ಈಗ ಒಂದೊಂದೇ ಟ್ಯಾಂಕರನ್ನು ದುಡ್ಡು ಕೊಟ್ಟು ತರಿಸುತ್ತಿದ್ದೆವು.

ಹೀಗಿರುವಾಗ 2024ರ ಫೆಬ್ರುವರಿಯಲ್ಲಿ ಉಳವಿಯ ಬಂಡಿಗಳು ಬಂದವು. ಹಳ್ಳಗಳು ಬತ್ತಿದ್ದ ಆ ವರ್ಷ ಎತ್ತುಗಳು ಬಾಯಾರಿ ನೊರೆ ಕಾರುತ್ತಿದ್ದವು. ಟ್ಯಾಂಕರ್ ಹಿಂದಿನ ದಿನವೇ ಮುಗಿದಿತ್ತು. ಮನೆಯವರು ಮಜ್ಜಿಗೆ ಹಿಡಿದು ಹೊರಬಂದರು. ನಾವು ಯಾತ್ರಿಕರಿಗೆ ಏನೆಂದು ಹೇಳುವುದೆಂದು ತಿಳಿಯದೆ ಕಟ್ಟೆಯ ಕಲ್ಲಿನ ಮೇಲೆ ನಿಂತಿದ್ದೆವು. ಅಷ್ಟರಲ್ಲಿ ಕಾಕಾ ಬಂದರು.

“ಮಾಸ್ತರ, ಎತ್ತಿಗೆ ನೀರಿಲ್ಲಂತ ಹೇಳಿ ಕಳಸಬ್ಯಾಡ್ರಿ. ನಮ್ಮ ಬಾವ್ಯಾಗ ಇನ್ನೂ ನಾಕ ಮೊಳ ನೀರೈತಿ. ಬಂಡಿ ಆ ಕಡೆ ತಿರುಗಸ್ರಿ.”

“ನಿಮ್ಮ ದನಕ್ಕ ಸಾಲಂಗಿಲ್ಲ ಕಾಕಾ.”

“ಸಾಲೂದು ಬಿಡೂದು ಆಮ್ಯಾಲ ನೋಡೂಣು. ಉಳವಿಗೆ ಹೊಂಟ ಎತ್ತು ಬಾಯಾರಿ ಹೋಗಬಾರದು.”

ತಗ್ಗಿನಲ್ಲಿದ್ದ ಅವರ ತೆರೆದ ಬಾವಿಯಿಂದ ಅವರೂ ನಾವೂ ಕೂಡಿ ಹಗ್ಗ ಹಾಕಿ ನೀರು ಸೇದಿದೆವು. ಏಳು ಜೋಡಿ ಎತ್ತುಗಳು ಕುಡಿದವು. ಬಂಡಿಗಳು ಸಾಗಿದ ಮೇಲೆ ಬಾವಿಯ ಕಟ್ಟೆಯ ಮೇಲೆ ಕುಳಿತು, ಐದು ವರ್ಷ ಬಾಯಿಗೆ ಬಾರದಿದ್ದ ಮಾತನ್ನು ಆಡಿದೆವು. “ಕಾಕಾ, ಆ ವರ್ಷ ನಿಮ್ಮ ಭತ್ತ ಹೋದದ್ದು ನಮ್ಮಿಂದ. ನೀವ್ಯಾಕ ಒಂದ ಮಾತೂ ಅನ್ನಲಿಲ್ಲ?”

ಅವರು ತುಸು ಹೊತ್ತು ಸುಮ್ಮನಿದ್ದು, “ನೀರಿಗೆ ತನ್ನ ದಾರಿ ನೆಪ್ಪ ಇರತೈತ್ರಿ ಮಾಸ್ತರ. ಕಟ್ಟಿ ಇದ್ದಾಗ ಅಲ್ಲಿ ಕುಂತು, ಸಾವಕಾಶ ಬರತಿತ್ತು. ಕುಂದರಾಕ ಜಾಗಾ ಇಲ್ಲದ್ದಕ್ಕ ಓಡಿ ಬಂತು. ನಿಮಗ ಒಂದಿನ ತಿಳೀತೈತಿ ಅಂತ ಇದ್ದೆ” ಎಂದರು.

ಮರುದಿನ ನಾವೂ ಉಳವಿಗೆ ಹೋದೆವು. ಕಲ್ಯಾಣದ ಕ್ರಾಂತಿಯ ನಂತರ ಶರಣರು ಬಂದು ಆಶ್ರಯ ಪಡೆದ ಆ ಕಾಡಿನ ನೆಲದಲ್ಲಿ ನಿಂತಾಗ ಬೇಡಿಕೊಳ್ಳಲು ಏನೂ ತೋಚಲಿಲ್ಲ. ದಾಸೋಹದ ಮನೆಯೆಂದು ಹೇಳಿಕೊಳ್ಳುತ್ತಿದ್ದ ನಾವು, ದಾಸೋಹಕ್ಕೆ ಮೂಲವಾದ ನೀರನ್ನೇ ಮಾರಿಕೊಂಡಿದ್ದೆವು. ಸನ್ನಿಧಿಯಲ್ಲಿ ಸಂಕಲ್ಪ ಮಾಡಿ ಬಂದೆವು.

ಆ ಏಪ್ರಿಲ್, ಮೇ ತಿಂಗಳುಗಳಲ್ಲಿ ಕಟ್ಟೆಯನ್ನು ಮರಳಿ ತೋಡಿಸಿದೆವು. ಮುಚ್ಚಿಸಲು ಎರಡು ದಿನ ಸಾಕಾಗಿತ್ತು. ತೋಡಿ, ಏರಿ ಕಟ್ಟಿ, ಗಟ್ಟಿಮಾಡಿ, ಕೋಡಿಗೆ ಕಲ್ಲು ಹಾಸಲು ಐದು ವಾರ ಹಿಡಿಯಿತು. ಹಿಂದಿನ ಮೂರು ವರ್ಷ ಆ ಜಾಗದ ಕಬ್ಬಿನಿಂದ ಬಂದ ಹಣವೆಲ್ಲ ಅದರಲ್ಲೇ ಕರಗಿತು. ಅಡಿಯ ಕಪ್ಪು ಮಣ್ಣನ್ನು ಮೊದಲು ಕಾಕಾನ ಗದ್ದೆಗೆ ಹೊಡೆಸಿದೆವು. ಮರಳು ಕುಳಿತು ಬರಡಾಗಿದ್ದ ಎರಡು ಎಕರೆಗೂ ನಮ್ಮ ಖರ್ಚಿನಲ್ಲಿ ಮಣ್ಣು ಹರಡಿಸಿದ್ದು ಉಪಕಾರವಲ್ಲ. ಹಳೆಯ ಸಾಲದ ತೀರುವಳಿ. ಗೋವೆಯಿಂದ ರಜೆಗೆ ಬಂದ ಅವರ ಮಗ ಹದಿನೈದು ದಿನ ನಮ್ಮೊಡನೆ ದುಡಿದ.

ಆ ವರ್ಷದ ಮಳೆಗಾಲ ಜಿಲ್ಲೆಗೆ ಕರುಣೆ ತೋರಲಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ, ಹೆದ್ದಾರಿಗಾಗಿ ಕಡಿದಿದ್ದ ಗುಡ್ಡ ಕುಸಿದು ಮನುಷ್ಯರು, ಅಂಗಡಿ, ಲಾರಿಗಳು ಗಂಗಾವಳಿ ನದಿಯ ಪಾಲಾದವು. ಧಾರವಾಡದ ಸೀಮೆಯಲ್ಲಿ ಹುಟ್ಟುವ ನಮ್ಮ ಬೇಡ್ತಿಯೇ ಅಲ್ಲಿ ಗಂಗಾವಳಿ. ಆಗಸ್ಟ್ 7ರ ನಡುರಾತ್ರಿಯ ನಂತರ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದುಬಿದ್ದಿತು. ಆ ದಿನಗಳಲ್ಲಿ ನಮ್ಮ ಹಳ್ಳವೂ ತುಂಬಿ ಬಂದಿತು. ರಾತ್ರಿ ಕಂದೀಲು ಹಿಡಿದು ಏರಿಯ ಮೇಲೆ ಹೋದರೆ ಕಾಕಾ ನಮಗಿಂತ ಮೊದಲೇ ಗೊಂಗಡಿ ಹೊದ್ದು ನಿಂತಿದ್ದರು. ನೀರು ಬಂದು, ಸುತ್ತಿ, ನಿಂತು, ಏರಿತು. ಬೆಳಗಿನ ಜಾವ ಕೋಡಿ ಬಿದ್ದಿತು. ಕೆಳಗಿನ ಗದ್ದೆಯಲ್ಲಿ ಭತ್ತದ ಸಸಿಗಳು ಅಲುಗಲಿಲ್ಲ.

ಇಂಥ ವರ್ಷಗಳು ಇನ್ನು ಅಪರೂಪವಲ್ಲವೆಂದು ಬಲ್ಲವರು ಹೇಳುತ್ತಾರೆ. 1950ರಿಂದ 2015ರವರೆಗಿನ ದಾಖಲೆಗಳನ್ನು ಪರಿಶೀಲಿಸಿದ ವಿಜ್ಞಾನಿಗಳು, ಮಧ್ಯಭಾರತದ ವಿಶಾಲ ಪಟ್ಟಿಯಲ್ಲಿ ವ್ಯಾಪಕ ಅತಿವೃಷ್ಟಿಯ ಪ್ರಸಂಗಗಳು ಮೂರು ಪಟ್ಟಾಗಿರುವುದನ್ನು ಕಂಡಿದ್ದಾರೆ. ಅರಬ್ಬೀ ಸಮುದ್ರ ಬಿಸಿಯೇರಿದಂತೆ ಗಾಳಿ ಹೊರುವ ತೇವವೂ ಏರುಪೇರಾಗುತ್ತದೆ. ಮಳೆಯ ದಿನಗಳು ಕಡಿಮೆ, ಬಿದ್ದ ದಿನದ ಆರ್ಭಟ ಹೆಚ್ಚು. ಸಮುದ್ರವನ್ನು ತಣಿಸುವ ಶಕ್ತಿ ನಮ್ಮೊಂದು ಊರಿಗಿಲ್ಲ. ಆದರೆ ಓಡಿ ಬರುವ ನೀರಿಗೆ ಕುಳಿತುಕೊಳ್ಳಲು ಜಾಗ ಕೊಡುವ ಶಕ್ತಿ ಪ್ರತಿಯೊಂದು ಮನೆಗೂ ಉಂಟು.

ಆದ್ದರಿಂದ ಕುಟುಂಬ ಬಂಧುಗಳಲ್ಲಿ ನಮ್ಮ ವಿನಂತಿಯಿಷ್ಟೆ. ನಿಮ್ಮ ಹೊಲದಲ್ಲಿ ಹಳೆಯ ಕಟ್ಟೆ, ಕಾಲುವೆಗಳಿದ್ದರೆ ಅವುಗಳನ್ನು ನಷ್ಟವೆಂದು ಭಾವಿಸದಿರಿ, ಮುಚ್ಚಿದ್ದರೆ ತೆರೆಯಿರಿ. ರೋಹಿಣಿ ಮಳೆಗೆ ಮುನ್ನ ನಿಮ್ಮ ನೀರು ಹೊರಬಿದ್ದು ಯಾರ ಹೊಲಕ್ಕೆ ಹೋಗುತ್ತದೆಂದು ಒಮ್ಮೆ ನಡೆದು ನೋಡಿರಿ. ವಿಮೆಯ ಕಂತನ್ನು ಕಾಲಕ್ಕೆ ಕಟ್ಟಿ, 72 ಗಂಟೆಗಳ ನಿಯಮವನ್ನು ಪಡಸಾಲೆಯ ಗೋಡೆಯ ಮೇಲೆ ಬರೆದಿಡಿರಿ. ಒಂದೇ ಬೆಳೆಯ ಮೇಲೆ ಮನೆಯ ಭಾರವನ್ನೆಲ್ಲ ಹೊರಿಸದಿರಿ. ಸಿಡಿಲಿನ ಹೊತ್ತಿನಲ್ಲಿ ದನಕರುಗಳನ್ನಾಗಲಿ ಮಕ್ಕಳನ್ನಾಗಲಿ ಮರದಡಿ ನಿಲ್ಲಿಸದಿರಿ. ಬರ ಬಂದಾಗ ಬಾವಿಯಲ್ಲಿ ನೀರಿರುವವರು ಇಲ್ಲದವರನ್ನು ಕರೆಯಿರಿ. ಈ ಕೊನೆಯ ಪಾಠವನ್ನು ನಮಗೆ ಕಲಿಸಿದವರು ಕಾಕಾ.

2025ರ ಭಾರತ ಹುಣ್ಣಿಮೆಗೆ ಬಂಡಿಗಳು ಮತ್ತೆ ಬಂದವು. ಕಟ್ಟೆಯಲ್ಲಿ ಇನ್ನೂ ಎದೆಯುದ್ದ ನೀರಿತ್ತು. ಹಿಂದಿನ ವರ್ಷ ಬಂದಿದ್ದ ಯಾತ್ರಿಕರೊಬ್ಬರು ಗುರುತು ಹಿಡಿದು, “ಈ ಸಲ ನೀರೈತೇನ್ರಿ?” ಎಂದು ಕೇಳಿದರು. ನಾವು ಉತ್ತರಿಸುವ ಮೊದಲೇ ಏರಿಯ ಮೇಲಿದ್ದ ಕಾಕಾ, “ಬರ್ರಿ, ಬರ್ರಿ, ನೊಗಾ ಇಳಸ್ರಿ” ಎಂದು ಕೂಗಿ ಕರೆದರು. ಎತ್ತುಗಳು ಮೊಣಕಾಲವರೆಗೆ ನೀರಿಗಿಳಿದು ಸಾವಕಾಶವಾಗಿ ಕುಡಿದವು.